ಅಕ್ಷರಕ್ಕೆ ಹನ್ನೆರಡು ಸೆಂಟು

ಕಲ್ಲು ಬಂದು ಮೂರು ವಾರವಾಯಿತು. ಬೂದು ಗ್ರಾನೈಟು,
ಒಂದು ಮೂಲೆಯಲ್ಲಿ ತುಕ್ಕಿನಂಥ ಕೆಂಪು ಕಲೆ.
ಆಸಹೆಲ್ ಕ್ರೌದರ್ ಎಂದು ಕೊರೆದಾಗಿದೆ,
ಹುಟ್ಟಿದ ವರ್ಷ, ಗಲ್ಲಿಗೇರಿದ ವರ್ಷ.
ಕೆಳಗೆ ಒಂದು ಗೇಣು ಜಾಗ ಬಿಟ್ಟು
ಕಾಯುತ್ತಿದ್ದೇನೆ. ಓಹಿಯೋದ ಚಳಿ ಇಳಿಯುವ ಮೊದಲು
ಸಮಿತಿಯವರು ಒಂದು ಮಾತಿಗೆ ಬಂದರೆ ಸಾಕು.

ಶಾಲೆಯ ಮಿಸ್ ಡ್ರೂಸಿಲ್ಲಾ ‘ವೀರ’ ಅನ್ನುತ್ತಾರೆ.
ಎರಡೇ ಅಕ್ಷರ, ನನಗೆ ಇಪ್ಪತ್ತನಾಲ್ಕು ಸೆಂಟು.
ಹಿಟ್ಟಿನ ಗಿರಣಿಯ ಹಾಲ್‌ಸ್ಟೆಡ್ ಮೇಜು ಕುಟ್ಟಿ
‘ಕೊಲೆಗಾರ’ ಅನ್ನುತ್ತಾನೆ. ಲೆಕ್ಕ ನೋಡಿದರೆ
ಅವನ ಮಾತೇ ನನಗೆ ಲಾಭ.
ಪಾದ್ರಿ ಸ್ಟ್ರೋಡ್ ಗಂಟಲು ಸರಿಮಾಡಿಕೊಂಡು
‘ಮನುಷ್ಯ’ ಎಂದರೆ ಹೇಗೆ, ಎಂದರು.
ಯಾರೂ ಉತ್ತರಿಸಲಿಲ್ಲ. ಒಳ್ಳೆಯದೇ ಆಯಿತು.
ಸತ್ತವರೆಲ್ಲ ಮನುಷ್ಯರೇ. ಅದನ್ನು ಹೇಳಲು
ಒಳ್ಳೆಯ ಕಲ್ಲನ್ನು ಯಾಕೆ ಕೆಡಿಸಬೇಕು?

ನನ್ನನ್ನು ಯಾರೂ ಕೇಳಲಿಲ್ಲ. ಬಾಗಿಲ ಬಳಿ
ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ.
ಆ ರಾತ್ರಿ ಕೆಂಟಕಿಯಿಂದ ಹೊಳೆ ದಾಟಿದ ಹನ್ನೊಂದು ಮಂದಿಯಲ್ಲಿ
ನನ್ನ ಅಮ್ಮ ಕೆಝಾಯಾ ಒಬ್ಬಳು,
ಅವಳ ಹೊಟ್ಟೆಯಲ್ಲಿ ಹನ್ನೆರಡನೆಯವನು ನಾನು.
ನ್ಯಾಯ ಹೇಳಲು ಕೂತವರ ಮುಂದೆ
ನಾನು ಸಾಕ್ಷಿ ಕೂಡ ಅಲ್ಲ. ಮೇಜಿನ ಮೇಲಿಟ್ಟ ಸಾಕ್ಷ್ಯ.

ಅಮ್ಮ ಹೇಳುತ್ತಿದ್ದದ್ದು ಇಷ್ಟು:
ತಂಬಾಕು ಒಣಹಾಕುವ ಕೊಟ್ಟಿಗೆಗೆ ನುಗ್ಗಿದವನು
ಮೊದಲು ಹೆಸರು ಕೇಳಿದ.
ಹರಾಜಿನವನು ಹಲ್ಲು ಎಣಿಸಿದ್ದ, ಯಜಮಾನ ಹೆರಿಗೆ ಎಣಿಸಿದ್ದ.
ಹೆಸರು ಕೇಳಿ ಉತ್ತರಕ್ಕೆ ಕಾದ ಬಿಳಿಯನನ್ನು
ಅವಳು ಅದುವರೆಗೆ ಕಂಡಿರಲಿಲ್ಲ.
ಗಡ್ಡದಲ್ಲಿ ಜೋಳದ ರೊಟ್ಟಿಯ ಪುಡಿ ಅಂಟಿತ್ತಂತೆ.
ನೀರು ಕುಡಿಯುವಾಗ ಕೈ ನಡುಗುತ್ತಿತ್ತಂತೆ.

ಗೇಟಿನಲ್ಲಿ ಆರ್ಲೊ ಇದ್ದ, ಮೇಸ್ತ್ರಿಯ ತಂಗಿಯ ಮಗ,
ಹದಿನಾರು ತುಂಬಿತ್ತೋ ಇಲ್ಲವೋ. ಕೈಯಲ್ಲಿ ಬಂದೂಕಲ್ಲ, ಲಾಟೀನು.
ಅದೇ ಲಾಟೀನು ಹಿಡಿದು ಹಿಂದಿನ ಸುಗ್ಗಿಯಲ್ಲಿ
ದೊಡ್ಡಮ್ಮನ ಬೆನ್ನಿಗೆ ಚಾಟಿ ಬೀಳುವಾಗ ಬೆಳಕು ತೋರಿದ್ದ.
ತೋರುತ್ತಲೇ ಅಳುತ್ತಿದ್ದ.

ಕೂಗಲು ಬಾಯಿ ತೆರೆದ.
ಕೂಗಿದ್ದರೆ ನಾಯಿಗಳು, ನಾಯಿಗಳ ಹಿಂದೆ ಕುದುರೆಗಳು,
ಕುದುರೆಗಳ ಹಿಂದೆ ಕೆಳನಾಡಿನ ಹತ್ತಿಹೊಲ,
ತಾಯಿಗೊಂದು ಊರು, ಮಗುವಿಗೊಂದು ಊರು.
ಕೂಗಲಿಲ್ಲ.
ಕ್ರೌದರನ ಕೈ ಆಗ ಮಾತ್ರ ನಡುಗಲಿಲ್ಲ.
‘ಅದಕ್ಕೇ ಅವನನ್ನು ಕಂಡರೆ ನನಗೆ ಭಯ’ ಅಂದಳು ಅಮ್ಮ.
‘ಆ ಹುಡುಗನನ್ನು ದಾಟಿಕೊಂಡೇ ಬಂದೆ, ಮಗನೇ.
ಬರಿಗಾಲು. ನೆಲ ಬೆಚ್ಚಗಿತ್ತು.’

ಹೊಳೆ ಸೇರಿದ ಮೇಲೆ ಕಾಲು ತೊಳೆದಳೇ ಎಂದು
ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಾಗಲಿಲ್ಲ.

ನಾನು ಹೇಳಬೇಕೆಂದರೆ, ಹೇಳುವುದು ಸುಲಭ.
ಊಟ ಮಾಡಿದ್ದೇನೆ, ಮದುವೆಯಾಗಿದ್ದೇನೆ,
ನನ್ನ ಉಳಿ ನನ್ನದೇ, ದುಡಿದ ಸೆಂಟು ನನ್ನದೇ.
ಇಷ್ಟೆಲ್ಲ ಬಂದ ದಾರಿಯಲ್ಲಿ ಒಬ್ಬ ಬಿದ್ದಿದ್ದಾನೆ
ಎಂದು ದಾರಿಯನ್ನು ಬೈಯಲೇ?
ದಾರಿ ಚೆನ್ನಾಗಿದೆ ಎಂದು ಅವನನ್ನು ಮರೆಯಲೇ?
ಹಾಲ್‌ಸ್ಟೆಡ್ ಆ ಹುಡುಗನ ಹೆಸರನ್ನು
ಪ್ರತಿ ಸಭೆಯಲ್ಲೂ ಎತ್ತುತ್ತಾನೆ.
ದೊಡ್ಡಮ್ಮನ ಹೆಸರು ಅವನಿಗೆ ಗೊತ್ತಿಲ್ಲ.
ವೈನಿ. ಬರೆದಿಟ್ಟುಕೊಳ್ಳಲಿ.

ನಿನ್ನೆ ಸಂಜೆ ಅಮ್ಮ ಕೋಲೂರಿಕೊಂಡು
ಅಂಗಳಕ್ಕೆ ಬಂದಳು, ಕಂಕುಳಲ್ಲಿ ಅವರೆಯ ಬೋಗುಣಿ.
ನಲವತ್ತಕ್ಕೆ ಓದು ಕಲಿತವಳು, ಬೆರಳಿಟ್ಟು ಓದುತ್ತಾಳೆ.
ಆಸಹೆಲ್ ಎಂಬಲ್ಲಿ ಬೆರಳು ಎರಡು ಸಲ ಹೋಯಿತು.
‘ಕೆಳಗೆ ಏನು ಬರೆಯಲಿ?’ ಕೂಗಿ ಕೇಳಿದೆ,
ಅವಳಿಗೆ ಎಡಗಿವಿ ಕೇಳಿಸುವುದಿಲ್ಲ.
‘ಆ ಹುಡುಗನಿಗೆ ಕಲ್ಲು ಹಾಕಿದ್ದಾರಾ?’ ಅಂದಳು.
ಗೊತ್ತಿಲ್ಲ ಅಂದೆ.
‘ವೈನಿಗೆ?’
ಸುಮ್ಮನಾದೆ.

ಮಲಗಿಸಿದ ಕಲ್ಲಿನ ತುದಿಗೆ ಕೂತಳು.
ನಾನು ಬಿಟ್ಟ ಒಂದು ಗೇಣು ಜಾಗದ ಮೇಲೆ
ಬೋಗುಣಿ ಇಟ್ಟು, ಅಲ್ಲಾಡಿಸಿ ನೋಡಿ,
‘ಇಲ್ಲಿ ಮಟ್ಟವಾಗಿದೆ’ ಅಂದು
ಅವರೆ ಸುಲಿಯತೊಡಗಿದಳು.